ಮೂರು ತಿಂಗಳು ದಾಟಿದ ನೋವಿನ ಲೆಕ್ಕವೇ ಬೇರೆ

ನೋವು ಅಂತ ಬಂದವರಿಗೆ ನಾನು ಮೊದಲು ಕೇಳುವುದು "ಎಷ್ಟು ದಿನದಿಂದ?" ಅಂತ. ಬಹಳ ಜನ ಅದಕ್ಕೆ ಉತ್ತರ ಕೊಡುವುದಿಲ್ಲ. "ತಡೆಯೋಕಾಗ್ತಿಲ್ಲ ಡಾಕ್ಟ್ರೇ, ಒಂದು ಇಂಜೆಕ್ಷನ್ ಹಾಕ್ಬಿಡಿ" ಅನ್ನುತ್ತಾರೆ. ಆದರೆ ಏನು ಚಿಕಿತ್ಸೆ ಅನ್ನುವುದಕ್ಕೆ ನೋವು ಎಷ್ಟು ಜೋರಾಗಿದೆ ಅನ್ನುವಷ್ಟೇ ಎಷ್ಟು ಹಳೆಯದು ಅನ್ನುವುದೂ ಮುಖ್ಯ. ವೈದ್ಯರು ಹಾಕಿಕೊಂಡಿರುವ ಗಡಿ ಮೂರು ತಿಂಗಳು. ಹೊಸ ನೋವಿನ ಮದ್ದನ್ನೇ ಹಳೆ ನೋವಿಗೂ ಮಾಡಿ ಸೋತವರೇ ನನ್ನ ಹತ್ತಿರ ಜಾಸ್ತಿ ಬರುವುದು.

ಕಾಲು ಉಳುಕಿದೆ, ಕೈ ಸುಟ್ಟಿದೆ, ಆಪರೇಷನ್ ಆಗಿದೆ, ಕೊಡ ಎತ್ತುವಾಗ ಸೊಂಟ ಹಿಡಿದಿದೆ. ಇವೆಲ್ಲ ಹೊಸ ನೋವು. ಇಲ್ಲಿ ನೋವು ಹೇಳುವ ಮಾತನ್ನು ಬಹುಮಟ್ಟಿಗೆ ನಂಬಬಹುದು. ಗಾಯ ಮಾಗಿದ ಹಾಗೆ ಅದೂ ಇಳಿಯುತ್ತದೆ. ಹಾಗಂತ ಹಲ್ಲು ಕಚ್ಚಿ ಸಹಿಸಿಕೊಳ್ಳುವುದರಲ್ಲಿ ದೊಡ್ಡತನವೇನಿಲ್ಲ. ಹೊಟ್ಟೆ ಆಪರೇಷನ್ ಆದವರು ನೋವಿಗೆ ಹೆದರಿ ಕೆಮ್ಮದೆ, ಆಳವಾಗಿ ಉಸಿರೆಳೆಯದೆ ಮಲಗಿಬಿಟ್ಟರೆ ಕಫ ಕಟ್ಟಿ ನ್ಯುಮೋನಿಯಾ ಆಗಬಹುದು. ಮೊದಲ ಕೆಲವು ದಿನ ಮಾತ್ರೆಯನ್ನು ಹೇಳಿದ ಹೊತ್ತಿಗೆ ನುಂಗಿ, ನೋವು ತಾರಕಕ್ಕೆ ಏರುವವರೆಗೆ ಕಾಯಬೇಡಿ.

ಪ್ಯಾರಸಿಟಮಾಲ್ ಆರೋಗ್ಯವಂತ ದೊಡ್ಡವರಿಗೆ 24 ಗಂಟೆಯಲ್ಲಿ 4 ಗ್ರಾಂ ದಾಟಬಾರದು. ಸಣಕಲು ಮೈಯವರಿಗೆ, ಕುಡಿಯುವವರಿಗೆ, ಲಿವರ್ ತೊಂದರೆ ಇರುವವರಿಗೆ ಇನ್ನೂ ಕಡಿಮೆ. ಶೀತದ ಮಾತ್ರೆಯಲ್ಲೂ ಅನೇಕ ಸಲ ಪ್ಯಾರಸಿಟಮಾಲ್ ಇರುತ್ತದೆ, ಲೆಕ್ಕ ತಪ್ಪುವುದು ಅಲ್ಲೇ. ಡೈಕ್ಲೊಫೆನಾಕ್, ಐಬುಪ್ರೊಫೆನ್ ಥರದವು ಊಟವಾದ ಮೇಲೆ, ನಾಲ್ಕಾರು ದಿನಕ್ಕೆ ಮಾತ್ರ. ಕಿಡ್ನಿ ತೊಂದರೆ, ಹೊಟ್ಟೆ ಹುಣ್ಣು, ಹೃದಯದ ಕಾಯಿಲೆ ಇರುವವರು, ಬಸುರಿಯರು ಕೇಳದೆ ಮುಟ್ಟಬಾರದು. ರಾಮನಗರದ ರಾಮದೇವರ ಬೆಟ್ಟದ ರಣಹದ್ದುಗಳ ವಿಷಯ ಕೇಳಿರುತ್ತೀರಿ. ದೇಶದ ತುಂಬ ಇದ್ದ ಹದ್ದುಗಳು ಹೋಗಿದ್ದು ಮುಖ್ಯವಾಗಿ ಇದೇ ಡೈಕ್ಲೊಫೆನಾಕ್‌ನಿಂದ. ದನಕ್ಕೆ ಕೊಟ್ಟ ಔಷಧಿ, ಸತ್ತ ದನ ತಿಂದ ಹದ್ದಿನ ಕಿಡ್ನಿ ಕೆಡಿಸಿತು. 2006ರಲ್ಲಿ ಸರ್ಕಾರ ಅದನ್ನು ದನಗಳಿಗೆ ನಿಷೇಧಿಸಿತು. ನಾವು ಹದ್ದಿನಷ್ಟು ನಾಜೂಕಲ್ಲ, ನಿಜ. ಆದರೂ ಮೆಡಿಕಲ್ ಶಾಪಿನಿಂದ ವರ್ಷಗಟ್ಟಲೆ ಸ್ಟ್ರಿಪ್ ತಂದು ನುಂಗುವವರ ಕಿಡ್ನಿ ಏನಾಗುತ್ತದೆ ಅಂತ ಡಯಾಲಿಸಿಸ್ ಮಾಡುವವರನ್ನು ಕೇಳಿ ನೋಡಿ.

ಸೊಂಟ ಹಿಡಿದರೆ ಒಂದೆರಡು ದಿನ ಮಲಗಿ, ಸಾಕು. ಆಮೇಲೆ ಎದ್ದು ಓಡಾಡಿ. ವಾರಗಟ್ಟಲೆ ಮಲಗಿದವರಿಗೆ ನೋವು ತಡವಾಗಿಯೇ ಹೋಗುತ್ತದೆ.

ಈಗ ಹಳೆ ನೋವು. ಗಾಯ ಮಾಗುವಷ್ಟು ಮಾಗಿರುತ್ತದೆ, ನೋವು ಮಾತ್ರ ಹೋಗಿರುವುದಿಲ್ಲ. ಎಷ್ಟೋ ಜನರಲ್ಲಿ ನರಗಳು, ಬೆನ್ನುಹುರಿ, ಮೆದುಳು ನೋವನ್ನು ರೂಢಿ ಮಾಡಿಕೊಂಡುಬಿಟ್ಟಿರುತ್ತವೆ. ಒಂದು ಸಲ ಕಳ್ಳ ನುಗ್ಗಿದ ಮನೆಯ ನಾಯಿ ಎಲೆ ಅಲುಗಿದರೂ ಬೊಗಳುತ್ತದಲ್ಲ, ಹಾಗೆ. ಬೊಗಳುವುದು ಸುಳ್ಳಲ್ಲ, ಕಳ್ಳ ಮಾತ್ರ ಇಲ್ಲ. "ಹಾಗಾದ್ರೆ ನಂದು ಬರೀ ಮನಸ್ಸಿನ ನೋವು ಅಂತೀರಾ?" ಅಂತ ಕೆಲವರು ಮುಖ ಸಣ್ಣದು ಮಾಡಿಕೊಳ್ಳುತ್ತಾರೆ. ಖಂಡಿತ ಇಲ್ಲ. ನೋವು ನಿಜ. ಅದರ ಬೇರು ಈಗ ಸೊಂಟದಲ್ಲಷ್ಟೇ ಇಲ್ಲ, ಅಷ್ಟೇ.

ಇಂಥವರ ಕೈಯಲ್ಲಿ ಒಂದು ಎಂಆರ್‌ಐ ಕವರ್ ಇದ್ದೇ ಇರುತ್ತದೆ. "ಡಿಸ್ಕ್ ಸವೆದಿದೆಯಂತೆ." ಡಿಸ್ಕ್ ಅಂದರೆ ಬೆನ್ನುಮೂಳೆಗಳ ನಡುವಿನ ಮೆತ್ತೆ. ನೋವೇ ಇಲ್ಲದ ಸಾವಿರಾರು ಜನರ ಸ್ಕ್ಯಾನ್‌ಗಳನ್ನು ಒಟ್ಟುಗೂಡಿಸಿದ ಒಂದು ವಿಶ್ಲೇಷಣೆ 2015ರಲ್ಲಿ ಪ್ರಕಟವಾಯಿತು. ಅದರ ಪ್ರಕಾರ 20 ವಯಸ್ಸಿನವರಲ್ಲಿ ನೂರಕ್ಕೆ 37 ಜನರಿಗೆ, 50ರವರಲ್ಲಿ 80 ಜನರಿಗೆ ಡಿಸ್ಕ್ ಸವೆದೇ ಇತ್ತು. ಅದು ಎಷ್ಟೋ ಸಲ ತಲೆಗೂದಲು ನರೆತ ಹಾಗೆ. ರಿಪೋರ್ಟ್ ಓದಿ ಹೆದರಿ, ಬೆಲ್ಟ್ ಬಿಗಿದುಕೊಂಡು ಬಗ್ಗುವುದನ್ನೇ ಬಿಟ್ಟರೆ ಸ್ನಾಯು ಸೊರಗಿ ನೋವು ಇನ್ನೂ ಬಲಿಯುತ್ತದೆ.

ಮಲೆನಾಡಿನ ಕಡೆ ಅಡಿಕೆ ಸುಲಿಯುವ ಹೆಣ್ಣುಮಕ್ಕಳಲ್ಲಿ ಇದನ್ನು ಚೆನ್ನಾಗಿ ನೋಡಬಹುದು. ಮೆಟ್ಟುಗತ್ತಿಯ ಮುಂದೆ ಸೊಂಟ ಬಗ್ಗಿಸಿ ಕೂತರೆ ರಾತ್ರಿಯವರೆಗೂ ಏಳುವುದಿಲ್ಲ. ಕೂಲಿ ಡಬ್ಬದ ಲೆಕ್ಕದಲ್ಲಿ, ಎದ್ದರೆ ದುಡ್ಡು ಹೋಯಿತು. ಅವರಲ್ಲೊಬ್ಬರು ಹೇಳಿದ್ದು: "ನಿನ್ನೆ ನೋವು ಕಮ್ಮಿ ಇತ್ತು ಡಾಕ್ಟ್ರೇ, ಅದಕ್ಕೇ ಎರಡು ಡಬ್ಬ ಜಾಸ್ತಿ ಸುಲಿದೆ. ಇವತ್ತು ಏಳೋಕೇ ಆಗ್ತಿಲ್ಲ." ಸಮಸ್ಯೆ ಇರುವುದು ಆ ಒಳ್ಳೆಯ ದಿನದಲ್ಲೇ. ನೋವಿಲ್ಲದ ದಿನ ಮೈಮುರಿದು ದುಡಿಯುವುದು, ಮರುದಿನ ಮಲಗುವುದು. ಹೀಗೆ ನಡೆದರೆ ದುಡಿಯುವ ದಿನ ಕಡಿಮೆಯಾಗುತ್ತಾ, ಮಲಗುವ ದಿನ ಹೆಚ್ಚುತ್ತಾ ಹೋಗುತ್ತದೆ.

ಅವರಿಗೆ ಎಷ್ಟು ಹೊತ್ತಿಗೆ ನೋವು ಏರುತ್ತದೆ ಅಂತ ಗಡಿಯಾರ ನೋಡಿ ಹೇಳಲು ಕೇಳಿದೆ. ಮುಕ್ಕಾಲು ಗಂಟೆ ಅಂದರು. ಹಾಗಾದರೆ ಅರ್ಧ ಗಂಟೆಗೇ ಏಳಬೇಕು, ಅಂಗಳದಲ್ಲಿ ಎರಡು ಸುತ್ತು ಬಂದು ಮತ್ತೆ ಕೂರಬೇಕು ಅಂದೆ. "ನೋವೇ ಬಂದಿರಲ್ವಲ್ಲ, ಯಾಕೆ ಏಳ್ಬೇಕು?" ಅಂತ ಅವರ ತಕರಾರು. ಅದಕ್ಕೇ ಏಳಬೇಕು ಅಮ್ಮ. ನೋವು ಎಬ್ಬಿಸುವ ಮೊದಲೇ ಎದ್ದರೆ, ಕೂತಾಗಲೆಲ್ಲ ನೋವು ಬರಲೇಬೇಕು ಅನ್ನುವ ರೂಢಿ ನಿಧಾನಕ್ಕೆ ಸಡಿಲವಾಗುತ್ತದೆ. ಒಳ್ಳೆಯ ದಿನವೂ ಅಷ್ಟೇ, ಕೆಟ್ಟ ದಿನವೂ ಹೆಚ್ಚುಕಡಿಮೆ ಅಷ್ಟೇ. ವಾರಕ್ಕೆ ಐದು ನಿಮಿಷ ಏರಿಸಿದರೆ ಸಾಕು. ಜೊತೆಗೆ ದಿನಾ ನಡಿಗೆ, ಫಿಸಿಯೋಥೆರಪಿಯವರು ಹೇಳಿಕೊಟ್ಟ ವ್ಯಾಯಾಮ. ಮೊದಲ ವಾರಗಳಲ್ಲಿ ನೋವು ಸ್ವಲ್ಪ ಜಾಸ್ತಿ ಅನ್ನಿಸಬಹುದು, ಅದರಿಂದ ಏನೂ ಮುರಿದುಹೋಗುವುದಿಲ್ಲ. ಪೂರ್ತಿ ಹೋಗುತ್ತದೆ ಅಂತ ನಾನು ಯಾರಿಗೂ ಮಾತು ಕೊಡುವುದಿಲ್ಲ. ಮದುವೆಮನೆಗೆ ಹೋಗಿ ಊಟಕ್ಕೆ ಕೂತು ಬರುವಂತಾದರೆ ನನ್ನ ಲೆಕ್ಕದಲ್ಲಿ ಅದು ಗೆಲುವು.

ಮಾತ್ರೆಗಳೂ ಬದಲಾಗುತ್ತವೆ. ಸಕ್ಕರೆ ಕಾಯಿಲೆಯವರ ಪಾದದ ಉರಿ, ಜೋಮು ಇಂಥ ನರದ ನೋವಿಗೆ ಅಮಿಟ್ರಿಪ್ಟಿಲಿನ್, ಡ್ಯುಲಾಕ್ಸೆಟಿನ್, ಪ್ರಿಗ್ಯಾಬಲಿನ್ ಕೊಡುತ್ತೇವೆ. ಮೊದಲೆರಡನ್ನು ಖಿನ್ನತೆಗೂ ಕೊಡುತ್ತಾರೆ. ಮನೆಯಲ್ಲಿ ಯಾರೋ ಮೊಬೈಲಲ್ಲಿ ಹುಡುಕಿ "ಇದು ತಲೆಕೆಟ್ಟವರ ಮಾತ್ರೆ" ಅನ್ನುತ್ತಾರೆ, ಮಾತ್ರೆ ಕಸದ ಬುಟ್ಟಿಗೆ ಹೋಗುತ್ತದೆ. ನರದ ನೋವಿಗೆ ಅಮಿಟ್ರಿಪ್ಟಿಲಿನ್ ಶುರುವಾಗುವುದು ರಾತ್ರಿ 10 ಮಿಲಿಗ್ರಾಂನಷ್ಟು ಸಣ್ಣ ಡೋಸಿನಿಂದ, ಗುಣ ಕಾಣಲು ಕೆಲವು ವಾರ ಬೇಕು. ನಿದ್ದೆ ಕೆಟ್ಟವರಿಗೆ ನೋವು ದುಪ್ಪಟ್ಟಾಗಿ ಕಾಣುವುದರಿಂದ ನಿದ್ದೆ ಸರಿಹೋದರೇ ಅರ್ಧ ಕೆಲಸ ಆದ ಹಾಗೆ. ಇನ್ನು ಕೀಲುನೋವಿಗೆ ಅಂತ ಪೊಟ್ಟಣದಲ್ಲಿ ಕೊಡುವ ಹೆಸರಿಲ್ಲದ ಪುಡಿ ಎರಡೇ ದಿನದಲ್ಲಿ ಪವಾಡ ಮಾಡಿದರೆ ಅದರಲ್ಲಿ ಸ್ಟೀರಾಯ್ಡ್ ಬೆರೆಸಿರಬಹುದು ಅಂತ ಅನುಮಾನಪಡಿ. ವೈದ್ಯರಿಗೆ ತೋರಿಸಿ, ತಿಂಗಳುಗಟ್ಟಲೆ ತಿಂದಿದ್ದರೆ ತಟ್ಟನೆ ನಿಲ್ಲಿಸಬೇಡಿ.

ಹಳೆ ನೋವೇ ಅಂತ ಅಸಡ್ಡೆ ಮಾಡಬಾರದ ಸಂದರ್ಭಗಳೂ ಇವೆ. ಸೊಂಟ ನೋವಿನ ಜೊತೆ ಜ್ವರ ಬಂದರೆ, ಕಾರಣವಿಲ್ಲದೆ ತೂಕ ಇಳಿದರೆ, ಹಿಂದೆ ಕ್ಯಾನ್ಸರ್ ಆಗಿದ್ದರೆ, ಮಲಗಿದಾಗಲೂ ಬಿಡದ ನೋವು ರಾತ್ರಿ ಎಬ್ಬಿಸುತ್ತಿದ್ದರೆ ಬೇಗ ತೋರಿಸಿ. ಮೂತ್ರ ಕಟ್ಟಿದರೆ ಅಥವಾ ಹಿಡಿತ ತಪ್ಪಿದರೆ, ತೊಡೆಸಂದಿಯಲ್ಲಿ ಮುಟ್ಟಿದ್ದು ಗೊತ್ತಾಗದಿದ್ದರೆ, ಕಾಲು ಎತ್ತಲಾಗದಿದ್ದರೆ ಬೆಳಗಾಗಲಿ ಅಂತಲೂ ಕಾಯಬೇಡಿ. ಆವತ್ತೇ ದೊಡ್ಡಾಸ್ಪತ್ರೆಗೆ ಹೋಗಿ, ಎಂಆರ್‌ಐ ಆಗ ನಿಜಕ್ಕೂ ಬೇಕು.