ಈ ಫೈಲ್ ಎಲ್ಲಿರಬೇಕು? ಸಿಸ್ಟಂ ಫೈಲುಗಳ ಜಾಗದ ಬಗ್ಗೆ ಒಂದು ಅಧ್ಯಯನ ಟಿಪ್ಪಣಿ

ಲಿನಕ್ಸ್ ಕಲಿಯಲು ಶುರು ಮಾಡಿದಾಗ ನಾನು ಮೊದಲು ಫೋಲ್ಡರುಗಳ ಪಟ್ಟಿಯನ್ನು ಬಾಯಿಪಾಠ ಮಾಡಿದೆ. /ಬಿನ್ ಅಂದರೆ ಪ್ರೋಗ್ರಾಂಗಳು, /ಎಟ್ಸಿ ಅಂದರೆ ಸೆಟ್ಟಿಂಗ್‌ಗಳು, /ವಾರ್ ಅಂದರೆ ಲಾಗ್‌ಗಳು. ಪಟ್ಟಿ ಬಾಯಿಗೆ ಬಂತು. ಆದರೆ ನಾನೇ ಬರೆದ ಒಂದು ಚಿಕ್ಕ ಸ್ಕ್ರಿಪ್ಟನ್ನು ಎಲ್ಲಿಡಬೇಕು ಅಂದಾಗ ಕೈ ಓಡಲಿಲ್ಲ. ಅದೂ ಪ್ರೋಗ್ರಾಂ ತಾನೇ? ಹಾಗಾದರೆ /ಬಿನ್ ಒಳಗೆ ಹಾಕಬಹುದಾ? ಪಟ್ಟಿಯಲ್ಲಿ ಉತ್ತರ ಇರಲಿಲ್ಲ. ಎಲ್ಲಿ ಏನಿದೆ ಅಂತ ಅದು ಹೇಳುತ್ತಿತ್ತು, ಯಾಕಿದೆ ಅಂತ ಹೇಳುತ್ತಿರಲಿಲ್ಲ.

ಆ 'ಯಾಕೆ' ಗೊತ್ತಾದ ಮೇಲೆ ಪಟ್ಟಿಯ ಅಗತ್ಯವೇ ಕಡಿಮೆ ಆಯ್ತು. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಉದಾಹರಣೆಗಳು ಹೆಚ್ಚಾಗಿ ಲಿನಕ್ಸ್‌ನವು, ಕೊನೆಯ ಕಡೆ ವಿಂಡೋಸ್ ಮತ್ತು ಮ್ಯಾಕ್ ಬರುತ್ತವೆ. ಫೋಲ್ಡರುಗಳ ಹೆಸರನ್ನು ಬಾಯಲ್ಲಿ ಹೇಳುವ ಹಾಗೆ ಕನ್ನಡದಲ್ಲೇ ಬರೆದಿದ್ದೇನೆ.

ಬರೆದವರು ಯಾರು?

ಫೈಲ್ ಯಾವ ಬಗೆಯದು ಅಂತ ನೋಡುವ ಮೊದಲು ಎರಡು ಪ್ರಶ್ನೆ ಕೇಳಿಕೊಳ್ಳಿ. ಇದನ್ನು ಬರೆಯುವವರು, ಬದಲಾಯಿಸುವವರು ಯಾರು? ಇದು ಅಳಿದುಹೋದರೆ ಎಲ್ಲಿಂದ ವಾಪಸ್ ಬರುತ್ತದೆ?

ನಿಮ್ಮ ಕಂಪ್ಯೂಟರಿನಲ್ಲಿ ಫೈಲ್ ಬರೆಯುವವರು ನಾಲ್ಕು ಕಡೆಯವರು. ಪ್ಯಾಕೇಜ್ ಮ್ಯಾನೇಜರ್, ಅಂದರೆ ಪ್ರೋಗ್ರಾಂಗಳನ್ನು ಇನ್‌ಸ್ಟಾಲ್ ಮಾಡಿ ಅಪ್‌ಡೇಟ್ ಮಾಡುವ ಸಾಧನ, ಇಟ್ಟದ್ದು ಹೆಚ್ಚಾಗಿ /ಯುಎಸ್‌ಆರ್ ಒಳಗೆ ಹೋಗುತ್ತದೆ. ಅದು ಹೋದರೆ ಚಿಂತೆಯಿಲ್ಲ, ಮತ್ತೆ ಇನ್‌ಸ್ಟಾಲ್ ಮಾಡಿದರೆ ಬರುತ್ತದೆ. ಯಂತ್ರವನ್ನು ನೋಡಿಕೊಳ್ಳುವ ಅಡ್ಮಿನ್, ಅಂದರೆ ಸುಡೋ (ಅಡ್ಮಿನ್ ಅಧಿಕಾರ ಕೊಡುವ ಆಜ್ಞೆ) ಹಾಕಿ ಕೆಲಸ ಮಾಡುವಾಗಿನ ನೀವು, ಬರೆಯುವ ಜಾಗ /ಎಟ್ಸಿ ಮತ್ತು /ಯುಎಸ್‌ಆರ್/ಲೋಕಲ್. ಅದು ಹೋದರೆ ನಿಮ್ಮ ಬ್ಯಾಕಪ್ ಬಿಟ್ಟು ಬೇರೆಲ್ಲಿಂದಲೂ ಬರುವುದಿಲ್ಲ. ಓಡುತ್ತಿರುವ ಪ್ರೋಗ್ರಾಂಗಳು ತಾವೇ ಬರೆದುಕೊಳ್ಳುವ ಜಾಗ /ವಾರ್ ಮತ್ತು /ರನ್. ಕೊನೆಯದಾಗಿ ಬಳಕೆದಾರರಾಗಿ ನೀವು. ನಿಮ್ಮ ಜಾಗ /ಹೋಮ್ ಒಳಗೆ.

ಮನೆಯ ಕಂಪ್ಯೂಟರನ್ನು ಒಬ್ಬರೇ ಬಳಸುತ್ತೇವೆ, ಅಡ್ಮಿನ್ ಬೇರೆ ಬಳಕೆದಾರ ಬೇರೆ ಅಂತ ಯಾಕೆ ನೋಡಬೇಕು ಅಂತ ನನಗೂ ಅನಿಸಿತ್ತು. ಕಾರಣ ಇದೆ. ಅಡ್ಮಿನ್ ಆಗಿ ಬರೆದದ್ದು ಈ ಯಂತ್ರಕ್ಕೆ ಸೇರಿದ್ದು. ಬಳಕೆದಾರರಾಗಿ ಬರೆದದ್ದು ನಿಮಗೆ ಸೇರಿದ್ದು, ನಾಳೆ ಬೇರೆ ಕಂಪ್ಯೂಟರ್ ಕೊಂಡರೆ ನಿಮ್ಮ ಜೊತೆ ಬರಬೇಕಾದದ್ದು.

ನನ್ನ ಸ್ಕ್ರಿಪ್ಟಿಗೂ ಇದರಿಂದಲೇ ಉತ್ತರ ಸಿಕ್ಕಿತು. ನಾನು ಮಾತ್ರ ಬಳಸುವುದಾದರೆ ಹೋಮ್ ಒಳಗಿನ .ಲೋಕಲ್/ಬಿನ್. ಯಂತ್ರದ ಎಲ್ಲರಿಗೂ ಬೇಕಾದರೆ /ಯುಎಸ್‌ಆರ್/ಲೋಕಲ್/ಬಿನ್. /ಯುಎಸ್‌ಆರ್/ಬಿನ್ ಒಳಗಂತೂ ಬೇಡ, ಅದು ಪ್ಯಾಕೇಜ್ ಮ್ಯಾನೇಜರಿನ ಜಾಗ.

ಹೆಸರುಗಳ ಹಿಂದಿನ ಕಥೆ

/ಬಿನ್ ಇದೆ, /ಯುಎಸ್‌ಆರ್/ಬಿನ್ ಕೂಡ ಇದೆ. ಎರಡು ಯಾಕೆ? 1970ರ ದಶಕದ ಶುರುವಿನಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿ ಪಿಡಿಪಿ-11 ಯಂತ್ರದಲ್ಲಿ ಯುನಿಕ್ಸ್ ಬೆಳೆಸುತ್ತಿದ್ದರು. ಆಗಿನ ಡಿಸ್ಕುಗಳು ಬಹಳ ಚಿಕ್ಕವು. ಸಿಸ್ಟಂ ಬೆಳೆದು ಮೊದಲ ಡಿಸ್ಕಿನಲ್ಲಿ ಜಾಗ ಸಾಲದಾಯಿತು. ಆಗ ಉಳಿದದ್ದನ್ನು ಎರಡನೇ ಡಿಸ್ಕಿಗೆ ಹಾಕಿದರು. ಆ ಡಿಸ್ಕಿನಲ್ಲಿ ಬಳಕೆದಾರರ ಫೈಲುಗಳಿದ್ದವು. ಅದಕ್ಕೇ ಆ ಜಾಗದ ಹೆಸರು 'ಯೂಸರ್' ಎಂಬುದರ ಚಿಕ್ಕ ರೂಪ.

ಎರಡನೇ ಡಿಸ್ಕನ್ನು ಜೋಡಿಸಲು ಮೌಂಟ್ ಎಂಬ ಪ್ರೋಗ್ರಾಂ ಬೇಕು. ಅದು ಆ ಎರಡನೇ ಡಿಸ್ಕಿನಲ್ಲೇ ಇದ್ದರೆ ಜೋಡಿಸುವುದು ಹೇಗೆ? ಹಾಗಾಗಿ ಬೂಟ್ ಆಗಲು ಬೇಕಾದವು /ಬಿನ್‌ನಲ್ಲಿ, ಉಳಿದವು /ಯುಎಸ್‌ಆರ್/ಬಿನ್‌ನಲ್ಲಿ ಎಂಬ ನಿಯಮ ಬಂತು. ಇಂದು ಬೂಟಿನ ಶುರುವಿನಲ್ಲೇ ಇನಿಟ್‌ರಾಮ್‌ಎಫ್‌ಎಸ್ ಎಂಬ ಪುಟ್ಟ ಸಿಸ್ಟಂ ಮೆಮೊರಿಗೆ ಬಂದು ಆ ಕೆಲಸ ಮಾಡುತ್ತದೆ. ಹಳೆಯ ಕಾರಣ ಉಳಿದಿಲ್ಲ. ಫೆಡೋರಾ ಎಂಬ ಡಿಸ್ಟ್ರೋ (ಲಿನಕ್ಸಿನ ಒಂದು ಸಿದ್ಧ ರೂಪ) 2012ರಲ್ಲಿ, 17ನೇ ಆವೃತ್ತಿಯಲ್ಲಿ, ಎರಡನ್ನೂ ಒಂದು ಮಾಡಿತು. 2023ರಲ್ಲಿ ಬಂದ ಡೆಬಿಯನ್ 12ರಿಂದ ಅಲ್ಲಿಯೂ ಒಂದಾದ ರೂಪವೇ ಕಡ್ಡಾಯ. ಈಗ /ಬಿನ್ ಅನ್ನುವುದು /ಯುಎಸ್‌ಆರ್/ಬಿನ್ ಕಡೆಗೆ ಕೈ ತೋರಿಸುವ ಸಿಂಬಾಲಿಕ್ ಲಿಂಕ್ ಅಷ್ಟೇ. ಹಳೆಯ ಪುಸ್ತಕಗಳಲ್ಲಿ ಈ ಎರಡರ ವ್ಯತ್ಯಾಸಕ್ಕೆ ಪುಟಗಟ್ಟಲೆ ವಿವರಣೆ ಇರುತ್ತದೆ. ಪರೀಕ್ಷೆಗೆ ಬೇಕಿದ್ದರೆ ಓದಿ, ನಿರ್ಧಾರಕ್ಕೆ ಬೇಡ.

ಲಿನಕ್ಸ್ ಡಿಸ್ಟ್ರೋಗಳೆಲ್ಲ ಒಂದೇ ಜೋಡಣೆ ಪಾಲಿಸಲಿ ಅಂತ 1994ರಲ್ಲಿ ಒಂದು ಮಾನದಂಡ ಬರೆದರು. ಈಗ ಅದರ ಹೆಸರು ಎಫ್‌ಎಚ್‌ಎಸ್ (ಫೈಲ್‌ಸಿಸ್ಟಂ ಹೈರಾರ್ಕಿ ಸ್ಟ್ಯಾಂಡರ್ಡ್). 3.0 ಆವೃತ್ತಿ 2015ರಲ್ಲಿ ಬಂತು. ಅದು ಫೈಲುಗಳನ್ನು ಎರಡು ರೀತಿ ಬೇರೆ ಮಾಡುತ್ತದೆ. ಹಲವು ಯಂತ್ರಗಳು ಹಂಚಿಕೊಳ್ಳಬಹುದಾದ್ದು, ಹಂಚಿಕೊಳ್ಳಲಾಗದ್ದು. ಅಡ್ಮಿನ್ ಕೈ ಹಾಕದೆ ಬದಲಾಗದ್ದು, ತಾನಾಗೇ ಬದಲಾಗುತ್ತಲೇ ಇರುವುದು. ಮನೆಯ ಕಂಪ್ಯೂಟರಿಗೆ ಮೊದಲನೆಯದು ಅಷ್ಟಾಗಿ ಲೆಕ್ಕಕ್ಕೆ ಬರುವುದಿಲ್ಲ. ಎರಡನೆಯದು ಪ್ರತಿದಿನ ಬೇಕಾಗುತ್ತದೆ.

ನಾನು ಕಳೆದುಕೊಂಡ ಸೆಟ್ಟಿಂಗ್

ಒಮ್ಮೆ ಒಂದು ಸರ್ವಿಸ್ (ಹಿನ್ನೆಲೆಯಲ್ಲಿ ಓಡುವ ಪ್ರೋಗ್ರಾಂ) ನಿಧಾನವಾಗಿ ಶುರುವಾಗಲಿ ಅಂತ ಅದರ ಯೂನಿಟ್ ಫೈಲನ್ನು, ಅಂದರೆ ಅದು ಹೇಗೆ ಶುರುವಾಗಬೇಕು ಅಂತ ಹೇಳುವ ಫೈಲನ್ನು, ತಿದ್ದಿದೆ. ಫೈಲ್ ಇದ್ದದ್ದು /ಯುಎಸ್‌ಆರ್/ಲಿಬ್/ಸಿಸ್ಟಮ್‌ಡಿ/ಸಿಸ್ಟಮ್ ಒಳಗೆ. ಚೆನ್ನಾಗಿ ಕೆಲಸ ಮಾಡಿತು. ಕೆಲವು ವಾರಗಳ ನಂತರ ಸಿಸ್ಟಂ ಅಪ್‌ಡೇಟ್ ಮಾಡಿದೆ. ನನ್ನ ತಿದ್ದುಪಡಿ ಹೋಯಿತು. ಯಾವ ಎಚ್ಚರಿಕೆಯೂ ಬರಲಿಲ್ಲ. ಏನು ತಿದ್ದಿದ್ದೆ ಅಂತಲೂ ನೆನಪಿರಲಿಲ್ಲ. ಒಂದು ಸಂಜೆ ಪೂರ್ತಿ ಅದನ್ನು ಹುಡುಕುವುದರಲ್ಲೇ ಕಳೆಯಿತು.

ನಂತರ ಅರ್ಥವಾದದ್ದು ಇಷ್ಟು. ಆ ಫೋಲ್ಡರ್ ಪ್ಯಾಕೇಜಿನದ್ದು. ತನ್ನ ಫೈಲಿನ ಹೊಸ ಪ್ರತಿಯನ್ನು ತಾನು ಹಾಕುವಾಗ ಪ್ಯಾಕೇಜ್ ಯಾರನ್ನೂ ಕೇಳಬೇಕಿಲ್ಲ. ಅದೇ ಹೆಸರಿನ ಫೈಲನ್ನು /ಎಟ್ಸಿ/ಸಿಸ್ಟಮ್‌ಡಿ/ಸಿಸ್ಟಮ್ ಒಳಗೆ ಇಟ್ಟಿದ್ದರೆ ಸರ್ವಿಸ್‌ಗಳನ್ನು ಶುರು ಮಾಡುವ ಸಿಸ್ಟಮ್‌ಡಿ ಅದನ್ನೇ ಮೊದಲು ನೋಡುತ್ತಿತ್ತು. ಇನ್ನೂ ಒಳ್ಳೆಯ ದಾರಿ ಇದೆ. 'ಸಿಸ್ಟಮ್‌ಸಿಟಿಎಲ್ ಎಡಿಟ್' ಆಜ್ಞೆ ಕೊಟ್ಟರೆ ನಿಮ್ಮ ಬದಲಾವಣೆಯ ಸಾಲುಗಳನ್ನು ಮಾತ್ರ /ಎಟ್ಸಿ ಒಳಗೆ ಒಂದು ಚಿಕ್ಕ ಫೈಲಿನಲ್ಲಿ ಉಳಿಸುತ್ತದೆ. ಮೂಲ ಫೈಲ್ ಅಪ್‌ಡೇಟ್ ಆದರೂ ನಿಮ್ಮ ಸಾಲುಗಳು ಅಲ್ಲೇ ಇರುತ್ತವೆ.

/ಎಟ್ಸಿ ಒಳಗಿನ ಸೆಟ್ಟಿಂಗ್ ಫೈಲನ್ನು ತಿದ್ದಿದ್ದರೆ ಡೆಬಿಯನ್‌ನ ಪ್ಯಾಕೇಜ್ ಮ್ಯಾನೇಜರ್ ಸುಮ್ಮನೆ ಅದರ ಮೇಲೆ ಬರೆಯುವುದಿಲ್ಲ. ನಿಮ್ಮದನ್ನು ಇಟ್ಟುಕೊಳ್ಳಲಾ, ಹೊಸದನ್ನು ಹಾಕಲಾ ಅಂತ ಕೇಳುತ್ತದೆ. ಜಾಗ ಯಾರದ್ದು ಅನ್ನುವುದನ್ನು ಅದು ಅಷ್ಟು ಗಂಭೀರವಾಗಿ ಪಾಲಿಸುತ್ತದೆ.

ಪೈಥಾನ್ ಕಲಿಯುವವರಿಗೂ ಇದೇ ಎದುರಾಗುತ್ತದೆ. ಹೊಸ ಡಿಸ್ಟ್ರೋಗಳಲ್ಲಿ ಪಿಪ್ (ಪೈಥಾನ್ ಲೈಬ್ರರಿಗಳನ್ನು ಇನ್‌ಸ್ಟಾಲ್ ಮಾಡುವ ಸಾಧನ) ಹಾಕಿ ನೇರವಾಗಿ ಲೈಬ್ರರಿ ಇನ್‌ಸ್ಟಾಲ್ ಮಾಡಹೋದರೆ, ಈ ಪೈಥಾನನ್ನು ಹೊರಗಿನವರು ನೋಡಿಕೊಳ್ಳುತ್ತಿದ್ದಾರೆ ಎಂಬ ಅರ್ಥದ ಎರರ್ ಬಂದು ಕೆಲಸ ನಿಲ್ಲುತ್ತದೆ. ಹೊರಗಿನವರು ಅಂದರೆ ಡಿಸ್ಟ್ರೋದ ಪ್ಯಾಕೇಜ್ ಮ್ಯಾನೇಜರ್. ಎರರನ್ನು ಬಲವಂತವಾಗಿ ದಾಟುವ ಆಯ್ಕೆ ಇದೆ, ಬಳಸಬೇಡಿ. ನಿಮ್ಮ ಪ್ರಾಜೆಕ್ಟ್ ಫೋಲ್ಡರಿನಲ್ಲಿ ವರ್ಚುವಲ್ ಎನ್ವಿರಾನ್‌ಮೆಂಟ್ ಮಾಡಿಕೊಂಡರೆ ನಿಮ್ಮ ಲೈಬ್ರರಿ ನಿಮ್ಮ ಜಾಗದಲ್ಲೇ ಇರುತ್ತದೆ.

/ವಾರ್ ಒಳಗೆ ಎಲ್ಲವೂ ಒಂದೇ ಅಲ್ಲ

ಕಲಿಯುವವರು ಜಾಸ್ತಿ ತಪ್ಪು ಮಾಡುವುದು ಇಲ್ಲೇ ಅಂತ ನನ್ನ ಅನಿಸಿಕೆ. ಡಿಸ್ಕ್ ತುಂಬಿತು ಅಂದಾಗ ಎಲ್ಲರೂ /ವಾರ್ ಕಡೆಗೇ ಹೋಗುತ್ತಾರೆ. ಅಲ್ಲಿನ ಕ್ಯಾಶ್ ಫೋಲ್ಡರನ್ನು ಖಾಲಿ ಮಾಡಬಹುದು, ಪ್ರೋಗ್ರಾಂಗಳು ಅದನ್ನು ಮತ್ತೆ ತುಂಬಿಕೊಳ್ಳುತ್ತವೆ. ಲಾಗ್ ಅಳಿಸಿದರೆ ಹಳೆಯ ದಾಖಲೆ ಹೋಗುತ್ತದೆ, ಸಿಸ್ಟಂ ನಡೆಯುತ್ತದೆ. ಆದರೆ /ವಾರ್/ಲಿಬ್ ಮುಟ್ಟಬೇಡಿ. ಡೇಟಾಬೇಸಿನ ಮಾಹಿತಿ ಅಲ್ಲಿರುತ್ತದೆ. ಯಾವ ಪ್ಯಾಕೇಜುಗಳು ಇನ್‌ಸ್ಟಾಲ್ ಆಗಿವೆ ಎಂಬ ಲೆಕ್ಕವನ್ನೂ ಡೆಬಿಯನ್‌ನ ಪ್ಯಾಕೇಜ್ ಮ್ಯಾನೇಜರ್ ಅಲ್ಲೇ ಇಡುತ್ತದೆ. ಮೂರೂ ಒಂದೇ ಫೋಲ್ಡರಿನ ಮಕ್ಕಳು. ಕಳೆದುಹೋದರೆ ಆಗುವ ನಷ್ಟ ಮಾತ್ರ ಒಂದಕ್ಕೊಂದು ಹೋಲಿಕೆಯೇ ಇಲ್ಲ.

ಲಾಗ್ ಬಗ್ಗೆ ಒಂದು ಮಾತು. ಲಾಗ್‌ಗಳನ್ನು ಬರೆದಿಡುವ ಜರ್ನಲ್‌ಡಿ ತಾನಾಗೇ ಒಂದು ಮಿತಿ ಇಟ್ಟುಕೊಂಡಿರುತ್ತದೆ. ಫೈಲ್ ಸಿಸ್ಟಮ್ಮಿನ 10%, ಹೆಚ್ಚೆಂದರೆ 4 ಜಿಬಿ. ಅದಕ್ಕಿಂತ ಕಡಿಮೆ ಸಾಕು ಅನಿಸಿದರೆ /ಎಟ್ಸಿ ಒಳಗೆ ಮಿತಿ ಬರೆಯಿರಿ. ಕೈಯಿಂದ ಅಳಿಸುವುದಕ್ಕಿಂತ ಇದು ಒಳ್ಳೆಯದು.

ತಾತ್ಕಾಲಿಕ ಫೈಲುಗಳಿಗೂ ಎರಡು ಜಾಗ ಇವೆ. ರೀಬೂಟ್ ಆದ ಮೇಲೆ /ಟಿಎಂಪಿ ಒಳಗಿನದ್ದು ಉಳಿಯುತ್ತದೆ ಅಂತ ನಂಬಬೇಡಿ. /ವಾರ್/ಟಿಎಂಪಿ ಒಳಗಿನದ್ದು ರೀಬೂಟ್ ದಾಟಿ ಉಳಿಯಬೇಕು. ಫೆಡೋರಾದಲ್ಲಿ ಮತ್ತು ಡೆಬಿಯನ್ 13ರಿಂದ /ಟಿಎಂಪಿ ಇರುವುದೇ ಮೆಮೊರಿಯಲ್ಲಿ. ಅಲ್ಲಿ ದೊಡ್ಡ ವಿಡಿಯೋ ಇಟ್ಟರೆ ಅದು ತಿನ್ನುವುದು ನಿಮ್ಮ ರ‍್ಯಾಮ್.

ಪಾರ್ಟಿಷನ್ ಎಷ್ಟು ಮಾಡಬೇಕು?

ಮನೆಯ ಕಂಪ್ಯೂಟರಿಗೆ ನನ್ನ ಉತ್ತರ ಚಿಕ್ಕದು. /ಹೋಮ್‌ಗೆ ಬೇರೆ ಪಾರ್ಟಿಷನ್ (ಡಿಸ್ಕಿನ ಒಂದು ಭಾಗ) ಮಾಡಿ, ಉಳಿದದ್ದನ್ನು ಒಂದೇ ಕಡೆ ಬಿಡಿ. ಸಿಸ್ಟಂ ಕೆಟ್ಟರೆ ರೂಟ್ ಪಾರ್ಟಿಷನ್ ಮಾತ್ರ ಫಾರ್ಮ್ಯಾಟ್ ಮಾಡಿ ಮತ್ತೆ ಇನ್‌ಸ್ಟಾಲ್ ಮಾಡಬಹುದು. ನಿಮ್ಮ ಫೈಲುಗಳು ಇದ್ದಲ್ಲೇ ಇರುತ್ತವೆ. ಹಾಗಂತ ಇದು ಬ್ಯಾಕಪ್ ಅಲ್ಲ, ಡಿಸ್ಕೇ ಸತ್ತರೆ ಎರಡೂ ಹೋಗುತ್ತವೆ. /ವಾರ್, /ಆಪ್ಟ್ ಎಲ್ಲಕ್ಕೂ ಒಂದೊಂದು ಪಾರ್ಟಿಷನ್ ಮಾಡಿದರೆ ಒಂದರಲ್ಲಿ ಜಾಗ ಖಾಲಿ ಬಿದ್ದಿರುತ್ತದೆ, ಇನ್ನೊಂದು ತುಂಬಿ ಕೂತಿರುತ್ತದೆ.

ಯುಇಎಫ್‌ಐ ಫರ್ಮ್‌ವೇರ್ (ಆನ್ ಮಾಡಿದ ತಕ್ಷಣ ಓಡುವ, ಯಂತ್ರದಲ್ಲೇ ಇರುವ ಸಾಫ್ಟ್‌ವೇರ್) ಇರುವ ಕಂಪ್ಯೂಟರುಗಳಲ್ಲಿ ಇಎಫ್‌ಐ ಪಾರ್ಟಿಷನ್ ಮಾತ್ರ ನಿಮ್ಮ ಆಯ್ಕೆಯಲ್ಲ, ಬೇಕೇ ಬೇಕು. ಫರ್ಮ್‌ವೇರಿಗೆ ಲಿನಕ್ಸಿನ ಫೈಲ್ ಸಿಸ್ಟಂ ಓದಲು ಬರುವುದಿಲ್ಲ, ಫ್ಯಾಟ್ ಎಂಬ ಸರಳ ಫೈಲ್ ಸಿಸ್ಟಂ ಓದಲು ಬರುತ್ತದೆ. ಹಾಗಾಗಿ ಬೂಟ್ ಲೋಡರ್ ಆ ಪಾರ್ಟಿಷನ್ನಿನಲ್ಲಿ ಇರಬೇಕು. /ಬೂಟ್ ಬೇರೆ ಇದ್ದು ಹಳೆಯ ಕರ್ನಲ್‌ಗಳಿಂದ ತುಂಬಿದರೆ ಆ ಫೈಲುಗಳನ್ನು ಕೈಯಿಂದ ಅಳಿಸಬೇಡಿ. ಅವು ಪ್ಯಾಕೇಜ್ ಮ್ಯಾನೇಜರ್ ಇಟ್ಟವು, ಅದರಿಂದಲೇ ತೆಗೆಸಿ.

ವಿಂಡೋಸ್ ಮತ್ತು ಮ್ಯಾಕ್

ವಿಂಡೋಸ್‌ನಲ್ಲಿ ಹೆಸರುಗಳು ಬೇರೆ, ವಿಚಾರ ಇದೇ. ಪ್ರೋಗ್ರಾಂ ಫೈಲ್ಸ್ ಇನ್‌ಸ್ಟಾಲರಿನ ಜಾಗ. ಎಲ್ಲ ಬಳಕೆದಾರರಿಗೂ ಸೇರಿದ ಮಾಹಿತಿ ಪ್ರೋಗ್ರಾಂಡೇಟಾದಲ್ಲಿ. ನಿಮ್ಮೊಬ್ಬರದ್ದು ಆಪ್‌ಡೇಟಾದಲ್ಲಿ. ಹಳೆಯ ಪ್ರೋಗ್ರಾಂಗಳು ತಮ್ಮ ಸೆಟ್ಟಿಂಗನ್ನು ಪ್ರೋಗ್ರಾಂ ಫೈಲ್ಸ್ ಒಳಗೇ ಬರೆಯುತ್ತಿದ್ದವು. ವಿಸ್ಟಾ ಬಂದ ಮೇಲೆ ಸಾಮಾನ್ಯ ಬಳಕೆದಾರರ ಪರವಾಗಿ ಹಾಗೆ ಬರೆದದ್ದನ್ನು ವಿಂಡೋಸ್ ಸದ್ದಿಲ್ಲದೆ ವರ್ಚುವಲ್‌ಸ್ಟೋರ್ ಎಂಬ ಫೋಲ್ಡರಿಗೆ ಕಳಿಸತೊಡಗಿತು. ಫೈಲ್ ಉಳಿಸಿದೆ, ಆದರೆ ಅಲ್ಲಿ ಕಾಣುತ್ತಿಲ್ಲ ಅನ್ನುವವರು ಅಲ್ಲೊಮ್ಮೆ ನೋಡಿ.

ಪ್ರೋಗ್ರಾಂಗಳನ್ನು ಡಿ ಡ್ರೈವಿಗೆ ಹಾಕಿದರೆ ವಿಂಡೋಸ್ ಮತ್ತೆ ಹಾಕಿದಾಗ ಉಳಿಯುತ್ತವೆ ಎಂಬ ನಂಬಿಕೆ ಬಹಳ ಜನರಲ್ಲಿದೆ. ಫೋಲ್ಡರ್ ಉಳಿಯುತ್ತದೆ, ನಿಜ. ಆದರೆ ಅದರ ರಿಜಿಸ್ಟ್ರಿ (ವಿಂಡೋಸ್ ಸೆಟ್ಟಿಂಗ್‌ಗಳ ದಾಖಲೆ) ನಮೂದುಗಳು, ಹಂಚಿಕೊಂಡ ಡಿಎಲ್‌ಎಲ್‌ಗಳು (ಲೈಬ್ರರಿ ಫೈಲುಗಳು) ಸಿ ಡ್ರೈವಿನಲ್ಲಿದ್ದವು, ಅವು ಹೋದವು. ಹಾಗಾಗಿ ಅನೇಕ ಪ್ರೋಗ್ರಾಂಗಳು ಓಡುವುದೇ ಇಲ್ಲ. ನಿಮ್ಮ ಫೋಟೋ, ಬರಹ ಡಿ ಡ್ರೈವಿನಲ್ಲಿರಲಿ. ಪ್ರೋಗ್ರಾಂಗಳು ಇನ್‌ಸ್ಟಾಲರ್ ಹೇಳಿದಲ್ಲೇ ಇರಲಿ.

ಮ್ಯಾಕ್ ಈ ಗೆರೆಯನ್ನು ಇನ್ನೂ ಗಟ್ಟಿಯಾಗಿ ಎಳೆದಿದೆ. 2019ರ ಕ್ಯಾಟಲಿನಾದಿಂದ ಸಿಸ್ಟಂ ಫೈಲುಗಳು ಓದಲು ಮಾತ್ರ ಬರುವ ಬೇರೆಯೇ ವಾಲ್ಯೂಮಿನಲ್ಲಿವೆ. ಅಡ್ಮಿನ್ ಆದರೂ ಸುಮ್ನೆ ಹೋಗಿ ಬರೆಯಲು ಆಗುವುದಿಲ್ಲ.

ಅನುಮಾನ ಬಂದಾಗ

ಒಂದು ಫೈಲ್ ಯಾರದ್ದು ಅಂತ ಗೊತ್ತಾಗದಿದ್ದರೆ ಪ್ಯಾಕೇಜ್ ಮ್ಯಾನೇಜರನ್ನೇ ಕೇಳಬಹುದು. ಡೆಬಿಯನ್, ಉಬುಂಟುಗಳಲ್ಲಿ 'ಡಿಪಿಕೆಜಿ' ಆಜ್ಞೆಗೆ ದೊಡ್ಡಕ್ಷರದ 'ಎಸ್' ಆಯ್ಕೆ ಕೊಟ್ಟು ಫೈಲಿನ ಪೂರ್ತಿ ದಾರಿ ಬರೆಯಿರಿ. ಫೆಡೋರಾದಲ್ಲಿ 'ಆರ್‌ಪಿಎಂ' ಆಜ್ಞೆಗೆ 'ಕ್ಯೂಎಫ್'. ಪ್ಯಾಕೇಜಿನ ಹೆಸರು ಬಂದರೆ ಅದು ಪ್ಯಾಕೇಜಿನದ್ದು. ಬರದಿದ್ದರೆ ನೀವೋ ಯಾವುದೋ ಪ್ರೋಗ್ರಾಂ ಓಡುವಾಗಲೋ ಬರೆದದ್ದು. ಒಂದು ಎಚ್ಚರಿಕೆ ಇದೆ. ಡೆಬಿಯನ್ 12ರಲ್ಲಿ /ಯುಎಸ್‌ಆರ್/ಬಿನ್/ಎಲ್‌ಎಸ್ ಬಗ್ಗೆ ಕೇಳಿದರೆ ಯಾರದ್ದೂ ಅಲ್ಲ ಅನ್ನುತ್ತದೆ. ಪ್ಯಾಕೇಜಿನ ಲೆಕ್ಕದಲ್ಲಿ ಅದು ಇನ್ನೂ ಹಳೆಯ /ಬಿನ್/ಎಲ್‌ಎಸ್ ಹೆಸರಿನಲ್ಲೇ ಇದೆ. ಹಾಗಾಗಿ ಅಳಿಸುವ ಮೊದಲು ಎರಡೂ ದಾರಿ ಕೊಟ್ಟು ಕೇಳಿ ನೋಡಿ.