128 ಅಂದ್ರೂ 95 ಅಂದ್ರೂ ಒಂದೇ ರೋಡಾ?

ಬಾಸ್ಟನ್ ಕಡೆ ಹೊಸದಾಗಿ ಕೆಲಸಕ್ಕೆ ಬಂದೋರು ಕೇಳೋದು ಇದನ್ನೇ: "ಮ್ಯಾಪ್ ಐ-95 ಅನ್ನುತ್ತೆ, ಆಫೀಸಲ್ಲಿ ಎಲ್ರೂ 128 ಅಂತಾರೆ, ಯಾವ್ದು ಸರಿ?"

ಎರಡೂ ಸರೀನೇ, ಆದ್ರೆ ಪೂರ್ತಿ ಉದ್ದಕ್ಕೂ ಅಲ್ಲ. 128 ಮ್ಯಾಸಚೂಸೆಟ್ಸ್ ಸ್ಟೇಟ್ ಹೈವೇ, ಐ-95 ಹಲವು ರಾಜ್ಯ ದಾಟಿ ಹೋಗೋ ಇಂಟರ್‌ಸ್ಟೇಟ್ ಹೈವೇ (ಐ ಅಂದ್ರೆ ಇಂಟರ್‌ಸ್ಟೇಟ್). 128 ದಕ್ಷಿಣಕ್ಕಿರೋ ಕ್ಯಾಂಟನ್‌ನಲ್ಲಿ ಶುರುವಾಗಿ ನೀಡಮ್, ವಾಲ್ಥಮ್, ಲೆಕ್ಸಿಂಗ್ಟನ್, ಬರ್ಲಿಂಗ್ಟನ್ ಅಂತ ಬಾಸ್ಟನ್ ಒಳಗೆ ಕಾಲಿಡದೆ ಅರ್ಧ ಸುತ್ತು ಹಾಕಿ ಸಮುದ್ರದ ದಡದ ಗ್ಲಾಸ್ಟರ್ ಮುಟ್ಟುತ್ತೆ, ಸುಮಾರು 57 ಮೈಲಿ. ಇದ್ರಲ್ಲಿ ಕ್ಯಾಂಟನ್‌ನಿಂದ ಪೀಬಡಿವರೆಗೆ ಎರಡು ನಂಬರಿಗೂ ಇರೋದು ಒಂದೇ ರೋಡು. ಬರ್ಲಿಂಗ್ಟನ್‌ನಿಂದ ಆಶ್‌ಲ್ಯಾಂಡ್ ಲಕ್ಷ್ಮಿ ಟೆಂಪಲ್‌ಗೆ ಹೊರಟ್ರೆ ನೀವು 128 ಸೌತ್ ಹಿಡಿದ್ರೂ 95 ಸೌತ್ ಹಿಡಿದ್ರೂ ಅದೇ ಲೇನು, ಅದೇ ಜಾಮು.

ಮೊದಲು ಬಂದಿದ್ದು 128. 1920ರ ದಶಕದಲ್ಲಿ ಅದು ಹೈವೇನೇ ಅಲ್ಲ, ಊರೂರಿನ ಬೀದಿಗಳಿಗೆ ಒಂದು ನಂಬರ್ ಬೋರ್ಡ್ ಹೊಡೆದಿದ್ರು ಅಷ್ಟೆ. ಈಗಿನ ಥರದ ದೊಡ್ಡ ರೋಡಿನ ಮುಖ್ಯ ಭಾಗ, ವೆಲ್ಸ್ಲಿಯಿಂದ ಲಿನ್‌ಫೀಲ್ಡ್‌ವರೆಗಿನದು, ಓಪನ್ ಆಗಿದ್ದು 1951ರಲ್ಲಿ. ಹೊಲ ಗದ್ದೆ ಮಧ್ಯೆ ಇಷ್ಟು ದೊಡ್ಡ ರೋಡ್ ಯಾಕೆ, ಎಲ್ಲಿಗೂ ಹೋಗದ ರೋಡು ಅಂತ ಆಡ್ಕೊಂಡೋರು ಬಹಳ ಜನ ಇದ್ರಂತೆ, ಆದ್ರೆ ಟ್ರಾಫಿಕ್ ತುಂಬಿ ಕೆಲವೇ ವರ್ಷದಲ್ಲಿ ಅಗಲ ಮಾಡೋ ಪರಿಸ್ಥಿತಿ ಬಂತು. ಎಂಐಟಿಯಿಂದ ಹೊರಗೆ ಬಂದ ಎಂಜಿನಿಯರ್‌ಗಳು, ಅಗ್ಗದ ಜಾಗ, ಪಾರ್ಕಿಂಗು, ಮೇಲೆ ಡಿಫೆನ್ಸ್ ದುಡ್ಡು, ಇಷ್ಟಿದ್ಮೇಲೆ ರೇಥಿಯಾನ್, ಪೋಲರಾಯ್ಡ್ ಥರದ ಕಂಪನಿಗಳು ಅಕ್ಕಪಕ್ಕಕ್ಕೆ ಬಂದು ಕೂತ್ವು. ನಮ್ ಬೆಂಗಳೂರಿನ ಔಟರ್ ರಿಂಗ್ ರೋಡ್ ಕಥೆ, 50 ವರ್ಷ ಮುಂಚೆ.

ಮತ್ತೆ 95 ಎಲ್ಲಿಂದ ಬಂತು ಅಂದ್ರೆ, ಅದು ಇಲ್ಲಿಗೆ ಬರಬೇಕಾಗಿದ್ದೇ ಅಲ್ಲ. ಮೂಲ ಪ್ಲಾನ್ ಪ್ರಕಾರ ಐ-95 ಬಾಸ್ಟನ್ ಹೊಟ್ಟೆ ಸೀಳ್ಕೊಂಡು ಹೋಗಬೇಕಿತ್ತು, ಜಮೈಕಾ ಪ್ಲೇನ್, ರಾಕ್ಸ್‌ಬರಿ ಕಡೆ ಮನೆಗಳನ್ನ ಕೆಡವಿಯೂ ಆಗಿತ್ತು. ಜನ ಬೀದಿಗಿಳಿದ್ರು. ಗವರ್ನರ್ ಫ್ರಾನ್ಸಿಸ್ ಸಾರ್ಜೆಂಟ್ 1970ರಲ್ಲಿ 128ರ ಸುತ್ತಿನ ಒಳಗೆ, ಬಾಸ್ಟನ್ ಕಡೆಗಿದ್ದ ಹೈವೇ ಕೆಲಸ ನಿಲ್ಲಿಸಿ 1972ರಲ್ಲಿ ಆ ಪ್ಲಾನನ್ನೇ ಕೈಬಿಟ್ರು, ಅದೂ ಈತ ಹಿಂದೆ ರಾಜ್ಯದ ರಸ್ತೆ ಇಲಾಖೇನೇ ನಡೆಸಿದ್ದ ಮನುಷ್ಯ, ನನಗಂತೂ ಈ ಇಡೀ ಕಥೆಯಲ್ಲಿ ಇದೇ ದೊಡ್ಡ ವಿಷಯ ಅನ್ಸುತ್ತೆ. ಖಾಲಿ ಮಾಡಿದ್ದ ಜಾಗದಲ್ಲಿ 1987ಕ್ಕೆ ಬಾಸ್ಟನ್ ಮೆಟ್ರೋದ ಆರೆಂಜ್ ಲೈನ್ ಟ್ರೈನು ಬಂತು, ಪಾರ್ಕೂ ಆಯ್ತು. ದಾರಿ ತಪ್ಪಿದ 95 ನಂಬರನ್ನ 128ರ ಮೇಲೆ ಅಂಟಿಸಿದ್ರು.

ಕ್ಯಾಂಟನ್‌ನಿಂದ ಪೂರ್ವಕ್ಕೆ ಬ್ರೇನ್‌ಟ್ರೀವರೆಗೂ ಮೊದಲು 128ನೇ ಇತ್ತು, ಈಗ ಅದು ಐ-93. ಒಂದಷ್ಟು ಕಾಲ ಅಲ್ಲಿ ಒಂದೇ ಲೇನಿಗೆ 93 ಸೌತ್ ಮತ್ತು 128 ನಾರ್ತ್ ಅಂತ ಎರಡು ಬೋರ್ಡ್ ಇತ್ತು, ಗಾಡಿ ಹೋಗ್ತಿದ್ದಿದ್ದು ಪಶ್ಚಿಮಕ್ಕೆ!

ಹಾಗಾಗಿ ದಾರಿ ಕೇಳೋವಾಗ ಯಾವ್ ಹೆಸರಾದ್ರೂ ಹೇಳಿ, ಪೀಬಡಿ ಬಂದಾಗ ಮಾತ್ರ ಬೋರ್ಡ್ ನೋಡಿ. ಅಲ್ಲಿ ಎರಡೂ ಬೇರೆ ಆಗ್ತವೆ, 95 ನ್ಯೂ ಹ್ಯಾಂಪ್‌ಶೈರ್ ಕಡೆ, 128 ಗ್ಲಾಸ್ಟರ್ ಬೀಚ್ ಕಡೆ.