ಲಿಬರ್ಟೇರಿಯನ್ನರ ಮೇಲಿನ ಆರೋಪಗಳಲ್ಲಿ ಎಷ್ಟು ಹುರುಳಿದೆ?

2016ರ ಮೇ 28ರಂದು ಅಮೆರಿಕದ ಒರ್ಲ್ಯಾಂಡೊ ನಗರದಲ್ಲಿ, ವ್ಯಕ್ತಿಯ ಸ್ವಾತಂತ್ರ್ಯವೇ ಮುಖ್ಯ, ಸರ್ಕಾರದ ಹಸ್ತಕ್ಷೇಪ ಆದಷ್ಟು ಕಡಿಮೆಯಿರಬೇಕು ಎನ್ನುವ ಲಿಬರ್ಟೇರಿಯನ್ ಪಕ್ಷದ ಅಧ್ಯಕ್ಷೀಯ ಟಿಕೆಟ್ ಆಕಾಂಕ್ಷಿಗಳ ಮುಂದೆ ಒಂದು ಸರಳ ಪ್ರಶ್ನೆ ಬಂತು: ಕಾರು ಓಡಿಸಲು ಸರ್ಕಾರದ ಲೈಸೆನ್ಸ್ ಇರಬೇಕೇ? ಹಾಗಾದರೆ ನಾಳೆ ಮನೆಯಲ್ಲಿ ಬ್ರೆಡ್ ಕಾಯಿಸುವುದಕ್ಕೂ ಲೈಸೆನ್ಸ್ ಕೇಳುತ್ತೀರಾ ಎಂದು ಒಬ್ಬರು ಮರುಪ್ರಶ್ನೆ ಹಾಕಿದಾಗ ಸಭೆ ಚಪ್ಪಾಳೆ ತಟ್ಟಿತು. ನ್ಯೂ ಮೆಕ್ಸಿಕೊ ರಾಜ್ಯದ ಮಾಜಿ ಗವರ್ನರ್ ಗ್ಯಾರಿ ಜಾನ್ಸನ್, ರಸ್ತೆಗಿಳಿಯುವ ಮುನ್ನ ಚಾಲಕನ ಸಾಮರ್ಥ್ಯ ಸ್ವಲ್ಪವಾದರೂ ಸಾಬೀತಾಗಬೇಕು ಎಂದಾಗ ಅದೇ ಸಭೆ ಅವರನ್ನು ಕೂಗಿ ಹೀಯಾಳಿಸಿತು. ಲಿಬರ್ಟೇರಿಯನ್ನರಿಗೆ ಲೋಕಜ್ಞಾನವಿಲ್ಲ ಎನ್ನುವವರು ಈ ದೃಶ್ಯವನ್ನು ಇಂದಿಗೂ ತೋರಿಸುತ್ತಾರೆ. ಆದರೆ ಮರುದಿನ ಅದೇ ಪ್ರತಿನಿಧಿಗಳು ಎರಡನೇ ಸುತ್ತಿನಲ್ಲಿ ಅರ್ಧಕ್ಕಿಂತ ಹೆಚ್ಚು ಮತ ನೀಡಿ ಜಾನ್ಸನ್ ಅವರನ್ನೇ ಅಭ್ಯರ್ಥಿಯಾಗಿ ಆರಿಸಿದರೆಂಬುದನ್ನು ಹೇಳುವವರು ಕಡಿಮೆ.

ಸ್ವಾರ್ಥಿಗಳು, ಹಣವಂತರ ವಕೀಲರು, ಬಿಳಿಯ ಗಂಡಸರ ಕೂಟ, ಗಾಂಜಾ ಸೇದುವ ಆಸೆಯಿರುವ ರಿಪಬ್ಲಿಕನ್ನರು ಎಂದು ಇವರ ಬಗ್ಗೆ ಚಾಲ್ತಿಯಲ್ಲಿರುವ ಮಾತುಗಳ ಬೆನ್ನು ಹತ್ತಿ ಹೋದರೆ ಒಂದೊಂದರ ಹಿಂದೆಯೂ ಒಂದು ನಿಜವಾದ ಘಟನೆ ಸಿಗುತ್ತದೆ. ಆ ಘಟನೆಗೆ ಎಷ್ಟು ತೂಕ ಕೊಡಬೇಕು ಎಂಬುದರಲ್ಲೇ ನ್ಯಾಯ ಅನ್ಯಾಯದ ಪ್ರಶ್ನೆ ಅಡಗಿದೆ.

ಮೊದಲಿಗೆ ಈ ಹೆಸರೇ ಎಡಪಂಥೀಯರದ್ದಾಗಿತ್ತು. 1857ರಲ್ಲಿ ಫ್ರೆಂಚ್ ಅರಾಜಕತಾವಾದಿ ಜೋಸೆಫ್ ಡೆಜಾಕ್ ತನ್ನನ್ನು ಕರೆದುಕೊಳ್ಳಲು ಈ ಪದವನ್ನು ಬಳಸಿದ, ಮರುವರ್ಷ ನ್ಯೂಯಾರ್ಕ್‌ನಲ್ಲಿ ಅದೇ ಹೆಸರಿನ ಪತ್ರಿಕೆಯನ್ನೂ ಹೊರಡಿಸಿದ. ಮಾರುಕಟ್ಟೆಯ ಪರವಾದ ಅಮೆರಿಕನ್ನರು ಇದನ್ನು ತಮ್ಮದಾಗಿಸಿಕೊಂಡದ್ದು 1950ರ ದಶಕದಲ್ಲಿ. 1971ರ ಆಗಸ್ಟ್ 15ರಂದು ಅಧ್ಯಕ್ಷ ನಿಕ್ಸನ್ ಬೆಲೆ ಮತ್ತು ಕೂಲಿಗಳನ್ನು ಸರ್ಕಾರಿ ನಿಯಂತ್ರಣಕ್ಕೆ ತಂದು, ಡಾಲರಿಗೂ ಚಿನ್ನಕ್ಕೂ ಇದ್ದ ನಂಟನ್ನು ಕಡಿದಾಗ ಅವರ ಪಕ್ಷದೊಳಗೇ ಇದ್ದ ಕೆಲವರಿಗೆ ಸಹಿಸಲಾಗಲಿಲ್ಲ. ಅದೇ ಡಿಸೆಂಬರಿನಲ್ಲಿ ಕೊಲರಾಡೊದಲ್ಲಿ ಡೇವಿಡ್ ನೋಲನ್ ಮತ್ತು ಗೆಳೆಯರು ಹೊಸ ಪಕ್ಷ ಕಟ್ಟಿದರು. ಆಗ ವಿಯೆಟ್ನಾಂ ಯುದ್ಧವೂ ಕಡ್ಡಾಯ ಸೇನಾ ಭರ್ತಿಯೂ ನಡೆದಿದ್ದವು. ಆ ಭರ್ತಿಯ ವಿರೋಧವೂ ಈ ಚಳವಳಿಯ ಹುಟ್ಟಿಗೆ ಅಷ್ಟೇ ದೊಡ್ಡ ಕಾರಣ. ಅದನ್ನು ಕೊನೆಗಾಣಿಸಲು ದುಡಿದವರಲ್ಲಿ ಅರ್ಥಶಾಸ್ತ್ರಜ್ಞ ಮಿಲ್ಟನ್ ಫ್ರೀಡ್‌ಮನ್ ಪ್ರಮುಖರು, 1973ರಲ್ಲಿ ಅದು ನಿಂತೂ ಹೋಯಿತು. ಗಾಂಜಾದ ಲೇವಡಿ ಮಾಡುವವರು ಇದನ್ನು ನೆನಪಿನಲ್ಲಿಡಬೇಕು.

ಹಣವಂತರ ಪಕ್ಷ ಎಂಬ ಮಾತು ಗಟ್ಟಿಯಾದದ್ದು 1980ರಲ್ಲಿ. ಆ ಚುನಾವಣೆಯಲ್ಲಿ ಉಪಾಧ್ಯಕ್ಷ ಸ್ಥಾನಕ್ಕೆ ನಿಂತವರು ಕೈಗಾರಿಕೋದ್ಯಮಿ ಡೇವಿಡ್ ಕೋಚ್. ದೇಣಿಗೆಗೆ ಕಾನೂನಿನ ಮಿತಿ ಇದ್ದರೂ ಅಭ್ಯರ್ಥಿಯು ತನ್ನ ಸ್ವಂತ ಪ್ರಚಾರಕ್ಕೆ ಎಷ್ಟಾದರೂ ಸುರಿಯಬಹುದೆಂದು 1976ರಲ್ಲಿ ಸುಪ್ರೀಂ ಕೋರ್ಟ್ ಹೇಳಿತ್ತು, ಕೋಚ್ ಸುಮಾರು 20 ಲಕ್ಷ ಡಾಲರ್ ಸುರಿದರು. ಸಿಕ್ಕಿದ್ದು ಶೇ 1ರಷ್ಟು ಮತ. ವೃದ್ಧರ ಪಿಂಚಣಿ ವ್ಯವಸ್ಥೆಯಾದ ಸೋಷಿಯಲ್ ಸೆಕ್ಯುರಿಟಿಯನ್ನೂ ಸರ್ಕಾರಿ ಶಾಲೆಗಳನ್ನೂ ತೆಗೆದುಹಾಕಬೇಕೆಂದ ಆ ವರ್ಷದ ಕಾರ್ಯಸೂಚಿಯನ್ನು ಓದಿದವರು ಇವರಿಗೆ ಬಡವರ ಬಗ್ಗೆ ಕಾಳಜಿಯಿಲ್ಲ ಎಂದುಕೊಂಡರೆ ಅವರನ್ನು ದೂರುವಂತಿಲ್ಲ. ಆದರೆ ಕಡಿಮೆ ಆದಾಯದವರಿಗೆ ಸರ್ಕಾರವೇ ನಗದು ನೀಡುವ ಯೋಜನೆಯನ್ನು 1962ರಲ್ಲೇ ಮುಂದಿಟ್ಟವರು ಇದೇ ಬಳಗದ ಫ್ರೀಡ್‌ಮನ್. ಯಾರೂ ಹಸಿವಿನಿಂದ ನರಳದಷ್ಟು ಕನಿಷ್ಠ ಭದ್ರತೆ ಇರಬೇಕೆಂದು 1944ರಲ್ಲಿ ಬರೆದವರು ಇದೇ ಬಳಗದ ಮತ್ತೊಬ್ಬ ಅರ್ಥಶಾಸ್ತ್ರಜ್ಞ ಹಯೆಕ್.

ಈ ಆರೋಪಕ್ಕೆ ಎದುರಾಗಿ ನಿಲ್ಲುವ ಒಂದು ಮನೆಯ ಕಥೆಯನ್ನು ತುಸು ವಿವರವಾಗಿ ಹೇಳಬೇಕು. ಕನೆಕ್ಟಿಕಟ್ ರಾಜ್ಯದ ನ್ಯೂ ಲಂಡನ್ ಪಟ್ಟಣದಲ್ಲಿ, ನದಿ ಕಾಣುವ ಜಾಗದಲ್ಲಿ, ನರ್ಸ್ ಸುಸೆಟ್ ಕೀಲೊ 1997ರಲ್ಲಿ ಒಂದು ಸಣ್ಣ ಮನೆ ಕೊಂಡು ಗುಲಾಬಿ ಬಣ್ಣ ಬಳಿಸಿದರು. ಪಕ್ಕದಲ್ಲೇ ಔಷಧ ಕಂಪನಿ ಫೈಜರ್‌ನ ಸಂಶೋಧನಾ ಕೇಂದ್ರ ಬರುತ್ತಿತ್ತು. ಹೋಟೆಲು, ಕಚೇರಿಗಳನ್ನು ಕಟ್ಟಿ ತೆರಿಗೆ ಆದಾಯ ಹೆಚ್ಚಿಸಿಕೊಳ್ಳುವ ಯೋಜನೆಗಾಗಿ 2000ದಲ್ಲಿ ಆಡಳಿತ ಆ ಮನೆಗಳ ಸ್ವಾಧೀನಕ್ಕೆ ಹೊರಟಿತು. ಅದೇ ಬಡಾವಣೆಯ ವಿಲ್ಹೆಲ್ಮಿನಾ ಡೆರಿ ತಮ್ಮ ಮನೆಯಲ್ಲಿ 1918ರಲ್ಲಿ ಹುಟ್ಟಿ ಜೀವಮಾನವಿಡೀ ಅಲ್ಲೇ ಬದುಕಿದ್ದರು. ಇವರ ಪರವಾಗಿ ಶುಲ್ಕವಿಲ್ಲದೆ ವಾದಿಸಿದ್ದು ಇನ್‌ಸ್ಟಿಟ್ಯೂಟ್ ಫಾರ್ ಜಸ್ಟಿಸ್ ಎಂಬ ಲಿಬರ್ಟೇರಿಯನ್ ಸಂಸ್ಥೆ. ಅದಕ್ಕೆ ಆರಂಭದ ಹಣ ಬಂದದ್ದೂ ಕೋಚ್ ಕುಟುಂಬದಿಂದಲೇ. ಕಪ್ಪು ಜನರ ಹಕ್ಕುಗಳ ಹಳೆಯ ಸಂಘಟನೆ ಎನ್‌ಎಎಸಿಪಿ ಕೂಡ ಮನೆಯವರ ಬೆಂಬಲಕ್ಕೆ ನಿಂತಿತು, ಏಕೆಂದರೆ ಅಭಿವೃದ್ಧಿಯ ಹೆಸರಿನ ಸ್ವಾಧೀನದಲ್ಲಿ ಮೊದಲು ಒಕ್ಕಲೆದ್ದವರು ಅವರ ಜನರೇ. 2005ರಲ್ಲಿ ಸುಪ್ರೀಂ ಕೋರ್ಟ್ 5–4ರ ಬಹುಮತದಲ್ಲಿ ಆಡಳಿತದ ಪರ ತೀರ್ಪು ಕೊಟ್ಟಿತು. ಗುಲಾಬಿ ಮನೆಯನ್ನು ಬಿಚ್ಚಿ ಬೇರೆಡೆ ಕಟ್ಟಿದರು, ಫೈಜರ್ 2009ರಲ್ಲಿ ಪಟ್ಟಣ ಬಿಡುವುದಾಗಿ ಸಾರಿತು, ನೆಲಸಮಗೊಂಡ ಜಾಗ ವರ್ಷಗಟ್ಟಲೆ ಖಾಲಿ ಬಿದ್ದಿತ್ತು. ಭೂಸ್ವಾಧೀನದ ನೋವನ್ನು ಬಲ್ಲ ನಮಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ.

ಭಾರತದಲ್ಲೂ ಇದೇ ಬಗೆಯ ಆರೋಪವಿತ್ತು. 1959ರಲ್ಲಿ ರಾಜಾಜಿ, ಮಿನೂ ಮಸಾನಿ, ಎನ್.ಜಿ. ರಂಗಾ ಕಟ್ಟಿದ ಸ್ವತಂತ್ರ ಪಕ್ಷವನ್ನು ರಾಜರ, ಜಮೀನ್ದಾರರ ಪಕ್ಷ ಎಂದು ಜರೆಯಲಾಯಿತು. ರಾಜಮನೆತನದವರು ಅದರಲ್ಲಿ ಇದ್ದದ್ದು ನಿಜ. ಆದರೆ ಆ ವಿಚಾರಕ್ಕೆ ಬುನಾದಿಯಂತಿದ್ದ ನಮ್ಮ ಕರಾವಳಿ ಮೂಲದ ಅರ್ಥಶಾಸ್ತ್ರಜ್ಞ ಬಿ.ಆರ್. ಶೆಣೈ ವಾದಿಸಿದ್ದು ಬೇರೆಯೇ. ಎರಡನೇ ಪಂಚವಾರ್ಷಿಕ ಯೋಜನೆಗೆ 1955ರಲ್ಲಿ ಭಿನ್ನಮತದ ಟಿಪ್ಪಣಿ ಬರೆದ ಅವರು, ಕೊರತೆ ಬಜೆಟ್ಟಿನ ಹಣದುಬ್ಬರ ಬಡವರನ್ನೇ ಹಿಂಡುತ್ತದೆ, ಲೈಸೆನ್ಸು ಪರ್ಮಿಟ್ಟುಗಳು ಅವನ್ನು ಪಡೆಯಬಲ್ಲ ಸಿರಿವಂತರನ್ನೇ ಬೆಳೆಸುತ್ತವೆ ಎಂದು ಎಚ್ಚರಿಸಿದ್ದರು.

ಹೃದಯಕ್ಕಿಂತ ತಲೆಗೇ ಹೆಚ್ಚು ಬೆಲೆ ಕೊಡುವವರು ಎಂಬ ಮಾತಿಗೆ ಸಂಶೋಧನೆಯ ಆಧಾರವಿದೆ. ಮನೋವಿಜ್ಞಾನಿಗಳಾದ ರವಿ ಅಯ್ಯರ್, ಜೊನಾಥನ್ ಹೈಟ್ ಮತ್ತಿತರರು 2012ರಲ್ಲಿ ಪ್ರಕಟಿಸಿದ, ಸುಮಾರು 12 ಸಾವಿರ ಲಿಬರ್ಟೇರಿಯನ್ನರನ್ನು ಒಳಗೊಂಡ ಅಧ್ಯಯನ, ಇವರು ಭಾವಕ್ಕಿಂತ ತರ್ಕಕ್ಕೆ ಒಲಿಯುವವರೆಂದೂ ಇತರರೊಂದಿಗಿನ ನಂಟಿನ ಹಂಬಲ ಇವರಲ್ಲಿ ಕಡಿಮೆಯೆಂದೂ ಕಂಡುಕೊಂಡಿತು. ಆದರೆ ಭಾವ ಕಡಿಮೆಯೆಂದ ಮಾತ್ರಕ್ಕೆ ಅವರ ವಾದ ಸುಳ್ಳಾಗುವುದಿಲ್ಲ.

ಬಿಳಿಯ ಗಂಡಸರ ಕೂಟ ಎಂಬ ಆರೋಪವೇ ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಗಂಭೀರವಾದದ್ದು. 2013ರ ಪಿಆರ್‌ಆರ್‌ಐ ಸಮೀಕ್ಷೆಯ ಪ್ರಕಾರ ಅಮೆರಿಕದ ಲಿಬರ್ಟೇರಿಯನ್ನರಲ್ಲಿ ಶೇ 94 ಮಂದಿ ಬಿಳಿಯರು, ಶೇ 68 ಮಂದಿ ಗಂಡಸರು. ಈ ಚಿಂತನೆಗೆ ಅಡಿಪಾಯ ಹಾಕಿದ ಮೂರು ಪುಸ್ತಕಗಳು 1943ರಲ್ಲಿ ಹೊರಬಂದದ್ದು ಇಸಬೆಲ್ ಪ್ಯಾಟರ್ಸನ್, ರೋಸ್ ವೈಲ್ಡರ್ ಲೇನ್, ಐನ್ ರಾಂಡ್ ಎಂಬ ಮೂವರು ಹೆಂಗಸರ ಲೇಖನಿಯಿಂದ. 1972ರಲ್ಲಿ ಒಬ್ಬ ಚುನಾಯಕ (ಅಧ್ಯಕ್ಷ, ಉಪಾಧ್ಯಕ್ಷರನ್ನು ಅಂತಿಮವಾಗಿ ಆರಿಸುವ ರಾಜ್ಯಗಳ ಪ್ರತಿನಿಧಿ) ತನ್ನ ಪಕ್ಷವನ್ನು ಧಿಕ್ಕರಿಸಿ ಮತ ಹಾಕಿದ್ದರಿಂದ, ಅಧ್ಯಕ್ಷೀಯ ಚುನಾವಣೆಯಲ್ಲಿ ಎಲೆಕ್ಟೋರಲ್ ಮತ ಪಡೆದ ಮೊದಲ ಮಹಿಳೆ ಎನಿಸಿದವರು ಇದೇ ಪಕ್ಷದ ಟೋನಿ ನೇಥನ್. ಇಂಥ ಆರಂಭವಿದ್ದ ಚಳವಳಿ ಹೀಗೆ ಕಿರಿದಾದದ್ದೇಕೆ? ಹೋಟೆಲು, ಅಂಗಡಿಗಳಲ್ಲಿ ವರ್ಣಭೇದವನ್ನು ನಿಷೇಧಿಸಿದ 1964ರ ನಾಗರಿಕ ಹಕ್ಕು ಕಾಯ್ದೆ ಖಾಸಗಿ ಆಸ್ತಿಯ ಮೇಲಿನ ಅತಿಕ್ರಮಣ ಎಂದು ಅವರಲ್ಲಿ ಹಲವರು ವಾದಿಸಿದರು. ಸರ್ಕಾರದ ದಬ್ಬಾಳಿಕೆಯನ್ನು ಸೂಕ್ಷ್ಮವಾಗಿ ಗುರುತಿಸಬಲ್ಲ ಕಣ್ಣು, ಊಟದ ಕೌಂಟರಿನಿಂದ ಒಬ್ಬನನ್ನು ಎಬ್ಬಿಸಿ ಕಳಿಸುವ ನೆರೆಯವನ ದಬ್ಬಾಳಿಕೆಯನ್ನು ಕಾಣದೆ ಹೋಯಿತು. ಜಾತಿಯನ್ನು ಬಲ್ಲ ಸಮಾಜದಿಂದ ನೋಡುವವರಿಗೆ ಈ ಕೊರತೆ ಥಟ್ಟನೆ ಕಾಣುತ್ತದೆ. ಮುಂದೆ, ಈ ಪಕ್ಷದಿಂದ ಅಧ್ಯಕ್ಷ ಸ್ಥಾನಕ್ಕೆ ಸ್ಪರ್ಧಿಸಿದ್ದ ರಾನ್ ಪಾಲ್ ಹೆಸರಿನಲ್ಲಿ 1990ರ ಸುಮಾರಿಗೆ ಹೊರಡುತ್ತಿದ್ದ ಸುದ್ದಿಪತ್ರಗಳಲ್ಲಿ ಕಪ್ಪು ಜನರನ್ನು ಹೀನಾಯವಾಗಿ ಚಿತ್ರಿಸಿದ್ದು 2008ರಲ್ಲಿ ದೇಶದಾದ್ಯಂತ ಚರ್ಚೆಯಾಯಿತು. ತಾವು ಅವನ್ನು ಬರೆದಿಲ್ಲ ಎಂದರು ಅವರು.

2022ರ ಮೇ ತಿಂಗಳಲ್ಲಿ ರೀನೊ ನಗರದಲ್ಲಿ ಸೇರಿದ ಸಮಾವೇಶದಲ್ಲಿ ಹೊಸ ಬಣವೊಂದು ಪಕ್ಷದ ಚುಕ್ಕಾಣಿ ಹಿಡಿಯಿತು. ಪೂರ್ವಗ್ರಹವನ್ನು ಅವಿವೇಕದ, ಹೇಯವಾದ ನಡೆಯೆಂದು ಖಂಡಿಸುತ್ತಿದ್ದ ಹಳೆಯ ವಾಕ್ಯವನ್ನು ಪ್ರಣಾಳಿಕೆಯಿಂದ ತೆಗೆದುಹಾಕಲಾಯಿತು. ಅದೇ ಆಗಸ್ಟ್‌ನಲ್ಲಿ ಹೊಸ ನಾಯಕತ್ವವನ್ನು ಒಪ್ಪದೆ ರಾಷ್ಟ್ರೀಯ ಪಕ್ಷದ ನಂಟು ಕಡಿದುಕೊಂಡ ರಾಜ್ಯ ಘಟಕ, ಗ್ಯಾರಿ ಜಾನ್ಸನ್ ಎರಡು ಅವಧಿಗೆ ಗವರ್ನರ್ ಆಗಿದ್ದ ನ್ಯೂ ಮೆಕ್ಸಿಕೊದ್ದು.